ಸಾಹಿಮ್‌ಗೆ ಬೇಕಾದ ಎರಡನೆಯ ಸಹಿ

ಕೆಳಮಹಡಿ, ಅಲ್ ಅಜೈಬಾ, ಮಸ್ಕತ್
೧೬ ಸೆಪ್ಟೆಂಬರ್ ೨೦೨೫, ಮಂಗಳವಾರ

ಅಖಿಲ ಅಜೈಬಾ ಮೇಲ್ಮಹಡಿ ಮಹಿಳಾ ಮಂಡಳಿಯ ಘನ ಅಧ್ಯಕ್ಷೆ ಶ್ರೀಮತಿ ಕ್ಯಾರೋಲಿನ್ ಅವರೇ, ವೇದಿಕೆಯ ಮೇಲೆ ಆಸೀನವಾಗಿರುವ ನೀರಿನ ಟ್ಯಾಂಕುಗಳೇ, ಮಲ್ಲಿಗೆ ಕುಂಡಗಳೇ, ಬಟ್ಟೆ ಒಣಹಾಕುವ ಹಗ್ಗಗಳೇ, ಹಾಗೂ ಡಿಶ್ ಆಂಟೆನಾದ ಮೇಲೆ ಕುಳಿತು ಸಭೆಗೆ ಶೋಭೆ ತಂದಿರುವ ಸಮಸ್ತ ಪಾರಿವಾಳ ಬಂಧುಗಳೇ,

ಈ ಕಟ್ಟಡದ ತಾರಸಿಯ ಮೇಲೆ ಸೌರಫಲಕ ಹಾಕಿಸುವುದು ಲಾಭವೋ ನಷ್ಟವೋ ಎಂಬ ಗಹನವಾದ ವಿಷಯದ ಕುರಿತು ಏಕಸದಸ್ಯ ವಿಚಾರಣಾ ಸಮಿತಿಯ ವರದಿಯನ್ನು ತಮ್ಮೆದುರು ಮಂಡಿಸಲು ನನಗೆ ಅಪಾರ ಹರ್ಷವಾಗುತ್ತಿದೆ. ಸಮಿತಿಯ ಅಧ್ಯಕ್ಷೆ ನಾನು, ಕಾರ್ಯದರ್ಶಿ ನಾನು, ಸದಸ್ಯರಿಗೆ ಕಾಫಿ ಮಾಡಿಕೊಟ್ಟವಳೂ ನಾನೇ. ಸಮಿತಿಗೆ ಈ ಕೆಲಸವನ್ನು ಯಾರೂ ವಹಿಸಿರಲಿಲ್ಲ ಎಂಬ ಸಣ್ಣ ತಾಂತ್ರಿಕ ದೋಷವನ್ನು ಸಭೆ ಮನ್ನಿಸಬೇಕು.

ಎದ್ದು ಹೋಗಬೇಡ ಕ್ಯಾರೋಲಿನ್. ಅಕ್ಷರ ನೋಡಿದ ಕೂಡಲೇ ಯಾರದೆಂದು ಗೊತ್ತಾಗಿರುತ್ತದೆ. ಹರಿದು ಹಾಕುವ ಮೊದಲು ನನ್ನ ಕಷ್ಟ ನೋಡು. ವಾಟ್ಸಾಪಿನಲ್ಲಿ ನೀನು ನನ್ನನ್ನು ಬ್ಲಾಕ್ ಮಾಡಿದ್ದೀಯ. ಮೆಟ್ಟಿಲಲ್ಲಿ ಎದುರಾದರೆ ಫೋನನ್ನು ಕಿವಿಗೆ ಹಿಡಿದು ಯಾರೊಂದಿಗೋ ಕೊಂಕಣಿಯಲ್ಲಿ ಭಾರೀ ಮಾತುಕತೆ ಶುರು ಮಾಡುತ್ತೀಯ. ಮೊನ್ನೆ ಹಾಗೆ ಮಾತಾಡುತ್ತಿರುವಾಗಲೇ ಅದೇ ಫೋನು ಟ್ರಿಣ್ ಟ್ರಿಣ್ ಎಂದು ರಿಂಗಾಯಿತು. ನಾನು ಕೇಳಿಸಿಕೊಳ್ಳಲಿಲ್ಲವೆಂದು ದಾಖಲಾಗಲಿ. ಹೀಗಾಗಿ ಉಳಿದದ್ದು ಕಾಗದ ಒಂದೇ. ಮದುವೆಗೆ ಮುಂಚೆ ಕಿಶೋರ್‌ಗೂ ಬರೆಯದಷ್ಟು ಉದ್ದದ ಪತ್ರವನ್ನು ಹತ್ತು ವರ್ಷದಿಂದ ನನ್ನ ತಲೆಯ ಮೇಲೆಯೇ ವಾಸವಾಗಿರುವ ಗೆಳತಿಗೆ ಬರೆಯುತ್ತಿದ್ದೇನೆ. ಕುರುಮ್‌ನ ಆಫೀಸಿಗೆ ತಲೆನೋವೆಂದು ಹೇಳಿ ರಜೆ ಹಾಕಿದ್ದೇನೆ. ಪೂರ್ತಿ ಸುಳ್ಳೇನಲ್ಲ.

ಪತ್ರ ನಿನ್ನದೇ ಸ್ಟೀಲ್ ಡಬ್ಬಿಯಲ್ಲಿ, ಕೋಡುಬಳೆಯ ಕೆಳಗೆ ಬರುತ್ತಿದೆ. ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದೆಂಬುದು ನಮ್ಮೆರಡೂ ಮನೆಗಳ ನಿಯಮ. ಜಗಳವಾಡಿದ ಮಾತ್ರಕ್ಕೆ ನಿಯಮ ಮುರಿಯುವಷ್ಟು ಕೆಟ್ಟವಳು ನಾನಲ್ಲ.

ಇನ್ನು ಪ್ರಕರಣದ ಹಿನ್ನೆಲೆ. ನಿನಗೆ ಅರ್ಧ ಗೊತ್ತು, ನನಗೆ ಇನ್ನರ್ಧ ಗೊತ್ತು. ಎರಡನ್ನೂ ಸೇರಿಸಿದವರು ಮನೆಯ ಮಾಲೀಕ ಖಲ್ಫಾನ್, ಅದೂ ಹಿಂದಿಯಲ್ಲಿ.

ಆಗಸ್ಟಿನ ಒಂದು ಸಂಜೆ ನಾನು ಅಡುಗೆಮನೆಯ ಕಿಟಕಿಯ ಬಳಿ ಅವರೆಕಾಯಿಯೆಂದು ಭಾವಿಸಿ ಫ್ರೋಜನ್ ಬಟಾಣಿ ಪ್ಯಾಕೆಟ್ ಕತ್ತರಿಸುತ್ತಿದ್ದೆ. ಹೊರಗಿನ ಮೆಟ್ಟಿಲ ಮೇಲೆ ನಿಂತು ನಿನ್ನ ಯಜಮಾನರು ಕ್ಯಾಸ್ಮಿರ್ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: "ಸಾಹಿಮಿಗೆ ಅರ್ಜಿ ಹಾಕಿ ಆಯ್ತು ಮಾರಾಯ. ಇನ್ನು ಖಲ್ಫಾನ್ ಹತ್ರ ಒಂದು ಮಾತು ಹೇಳ್ಲಿಕ್ಕುಂಟು, ಅಷ್ಟೆ."

ಇದು ಅವರು ಹೇಳಿದ್ದು. ನನ್ನ ಕಿವಿಗೆ ಬಿದ್ದದ್ದು, "ಸಹಮಿಗೆ ಅರ್ಜಿ ಹಾಕಿ ಆಯ್ತು." ಒಂದು ದೀರ್ಘ ಕಳೆದುಹೋಯಿತು, ಒಂದು ಗುಡಿಸು ಬಿದ್ದುಹೋಯಿತು. ಕನ್ನಡ ಮಾಧ್ಯಮದಲ್ಲಿ ಬಿ.ಕಾಂ. ಮಾಡಿದವಳು, ಶಾಲೆಯಲ್ಲಿ ಉಕ್ತಲೇಖನಕ್ಕೆ ಬಹುಮಾನ ತೆಗೆದುಕೊಂಡವಳು ನಾನು. ನನ್ನ ಕಿವಿಯಲ್ಲೇ ಕಾಗುಣಿತ ತಪ್ಪಿತು.

ಸಹಮ್ ಎಂದರೆ ಸೋಹಾರ್ ಕಡೆಯ ಕರಾವಳಿಯ ಊರಲ್ಲವೇ? ಅಲ್ಲಿಗೆ ಅರ್ಜಿ ಹಾಕಿದ್ದಾರೆಂದರೆ ಕ್ಯಾಸ್ಮಿರ್‌ಗೆ ವರ್ಗ ಬೇಕಾಗಿದೆ. ಖಲ್ಫಾನ್‌ಗೆ ಹೇಳಲಿಕ್ಕಿದೆ ಎಂದರೆ ಮನೆ ಬಿಡುತ್ತಿದ್ದಾರೆ. ನನಗೆ ಮಾತ್ರ ಹೇಳುವುದಿಲ್ಲ. ಎರಡು ದಿನ ಕಾದೆ. ನೀನು ಸಣ್ಣ ಅಕ್ಕಿಯ ಬೆಲೆ ಹೇಳಿದೆ, ನಿಮ್ಮ ಆಶ್ಲೆಯ ಹಲ್ಲಿನ ತಂತಿಯ ವಿಷಯ ಹೇಳಿದೆ, ಸಹಮ್ ವಿಷಯ ಎತ್ತಲೇ ಇಲ್ಲ. ಮೂರನೆಯ ದಿನ ಆಫೀಸಿನಲ್ಲಿ ಪಕ್ಕದ ಮೇಜಿನ ಓಲಿವಿಯಾ ತನ್ನ ಅಣ್ಣನಿಗೆ ಅಜೈಬಾದಲ್ಲಿ ಮನೆ ಸಿಗುತ್ತಿಲ್ಲವೆಂದು ಅಳುತ್ತಿದ್ದಳು. ನಾನು ಉರಿಯುತ್ತಿದ್ದ ಹೊಟ್ಟೆಯಿಂದ, "ನಮ್ಮ ಮೇಲಿನ ಮನೆ ಖಾಲಿಯಾಗಬಹುದೇನೋ" ಅಂದೆ. ಆಗಬಹುದೇನೋ ಎಂದಿದ್ದೇನೆ, ಗಮನಿಸಬೇಕು. ಆದರೆ ಓಲಿವಿಯಾಗೆ ಆ ಬಾಲ ಕೇಳಿಸಲಿಲ್ಲ. ಈ ಪ್ರಕರಣದಲ್ಲಿ ಕಿವಿಯ ತೊಂದರೆ ಅಂಟುರೋಗ.

ಮುಂದಿನ ಶುಕ್ರವಾರದ ದೃಶ್ಯವನ್ನು ನೀನೇ ಕಣ್ಣಾರೆ ಕಂಡವಳು. ಲುಂಗಿ ಬನಿಯನ್ನಿನಲ್ಲಿ ಕ್ಯಾಸ್ಮಿರ್, ಅವರ ಕೈಯಲ್ಲಿ ಅರ್ಧ ಹೆರೆದ ಅಂಜಲ್ ಮೀನು. ಬಾಗಿಲಲ್ಲಿ ಖಲ್ಫಾನ್, ಅವರ ಹಿಂದೆ ಓಲಿವಿಯಾಳ ಅಣ್ಣನ ಸಂಸಾರ. ಆ ಅತ್ತಿಗೆ ನೇರವಾಗಿ ನಿನ್ನ ಮಲಗುವ ಕೋಣೆಗೆ ನುಗ್ಗಿ ಪರದೆಗೆಂದು ಕಿಟಕಿ ಅಳೆಯತೊಡಗಿದಳಂತೆ. ಯಾರು ಹೇಳಿದ್ದು ಎಂದು ನೀನು ಕೇಳಿದಾಗ ಖಲ್ಫಾನ್ ಬೆರಳನ್ನು ನೆಲದ ಕಡೆ ತೋರಿಸಿದರು. ನೆಲದ ಕೆಳಗೆ ನಾನಿದ್ದೆ.

ಆಮೇಲೆ ನೀನು ಇಳಿದು ಬಂದದ್ದು. ನಮ್ಮ ಆ ಸಂವಾದವನ್ನು ಈಗ ಮತ್ತೆ ಓದಿಕೋ. ನೀನು ಸಾಹಿಮ್ ಎಂದುಕೊಂಡು ಓದು, ನಾನು ಸಹಮ್ ಎಂದುಕೊಂಡು ಓದುತ್ತೇನೆ.

"ಅರ್ಜಿ ಹಾಕಿದ್ದು ಹೌದು. ಎಂತ ಈಗ? ನಿನ್ನತ್ರ ಕೇಳಿ ಹಾಕ್ಬೇಕಿತ್ತಾ?" ಅಂದೆ ನೀನು.

"ಕೇಳ್ಬೇಡ, ಹೇಳ್ಬಹುದಿತ್ತಲ್ಲ" ಅಂದೆ ನಾನು.

"ಆದ ಮೇಲೆ ಹೇಳುವ ಅಂತ ಇದ್ದೆವು. ನಿನಗೆ ಯಾಕೆ ಮಾರಾಯ್ತಿ ಇಷ್ಟು ಹೊಟ್ಟೆಕಿಚ್ಚು?"

"ಹೊಟ್ಟೆಕಿಚ್ಚು ಪಡೋಕೆ ಏನಿದೆ ಅಲ್ಲಿ? ಬರೀ ಬಿಸಿಲು!"

"ಬಿಸಿಲು ಇದ್ದದ್ದಕ್ಕೇ ಹಾಕಿದ್ದು!"

ಆ ಕ್ಷಣ ನಿನಗೆ ಬುದ್ಧಿಭ್ರಮಣೆ ಆಗಿದೆಯೆಂದು ನಾನು ಪ್ರಾಮಾಣಿಕವಾಗಿ ನಂಬಿದೆ. ನೀನು, "ನಮ್ಮನ್ನು ಓಡಿಸಿ ನಿನಗೆ ಎಂತ ಸಿಗ್ತದೆ, ಈ ಟೆರೇಸು ಸಿಗ್ತದಾ? ಇಟ್ಕೋ ಹೋಗು, ಉಪ್ಪಿನಕಾಯಿ ಹಾಕು" ಎಂದು ಹೇಳಿ ಹತ್ತಿಹೋದೆ. ನಾನೂ ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿಯೇ ಹಾಕಿದೆ.

ಸೆಪ್ಟೆಂಬರ್ ಎಂಟರಂದು ನಿಮ್ಮ ಮರಿಯಮ್ಮನ ತೆನೆಹಬ್ಬ, ಮೊಂತಿ ಹಬ್ಬ ಬಂತು. ವರ್ಷದಲ್ಲಿ ಆ ದಿನ ನಿಮ್ಮ ಮನೆಯಲ್ಲಿ ಮೀನಿಲ್ಲ, ಮಾಂಸವಿಲ್ಲ. ನಾನು ಯಾವ ಸೌಟು ಯಾವ ಪಾತ್ರೆಯದೆಂದು ತನಿಖೆ ಮಾಡದೆ ನೆಮ್ಮದಿಯಾಗಿ ಕೂತು ಉಣ್ಣುವ ದಿನ. ಮಂಗಳೂರಿನಿಂದ ಯಾರದ್ದೋ ಬ್ಯಾಗಿನಲ್ಲಿ ಬಂದ ಹೊಸ ತೆನೆಯ ನಾಲ್ಕು ಕಾಳನ್ನು ನೀನು ಹಾಲಿಗೆ ಹಾಕಿ ಮೊದಲು ನಿನ್ನವರಿಗೆ, ಆಮೇಲೆ ನಮಗೆ ಕೊಡುತ್ತಿದ್ದೆ. ಈ ಸಲ ಮೇಲಿನಿಂದ ಕೆಸುವಿನ ಸೊಪ್ಪಿನ ಘಮ ಇಳಿದು ಬಂತು, ಕರೆ ಬರಲಿಲ್ಲ. ಕಿಶೋರ್ ಎರಡು ಸಲ ಮೂಗು ಮೇಲೆತ್ತಿ ಉಸಿರೆಳೆದು, "ನೀನೇ ಹೋಗಿ ಸಾರಿ ಅಂದ್ಬಿಡೆ, ಅದರಲ್ಲೇನು" ಅಂದರು. ನಾನು ಅವರಿಗೆ ಉಪ್ಪಿಟ್ಟು ಬಡಿಸಿದೆ.

ಅದಾಗಿ ಮೂರ್ನಾಲ್ಕು ದಿನಕ್ಕೆ ಖಲ್ಫಾನ್ ಒಂದು ಕಾಗದ ಹಿಡಿದು ನಮ್ಮ ಬಾಗಿಲಿಗೆ ಬಂದರು. ನಿನಗೆ ಗೊತ್ತಿರುವಂತೆ ಕೆಳಮನೆಯ ಕರಾರು ನನ್ನ ಹೆಸರಿನಲ್ಲಿದೆ. ಮೊದಲು ಕೆಲಸ ಸಿಕ್ಕಿ ಇಲ್ಲಿಗೆ ಬಂದವಳು ನಾನು, ಕಿಶೋರ್ ನನ್ನ ಬೆನ್ನ ಹಿಂದೆ ಬಂದರು. ಅವರ ಅಮ್ಮ ಸುಶೀಲಮ್ಮನವರಿಗೆ ಈ ಇತಿಹಾಸವನ್ನು ಇಂದಿಗೂ ತಿರುವು ಮುರುವಾಗಿಯೇ ಹೇಳಲಾಗುತ್ತಿದೆ. ಇರಲಿ. ಖಲ್ಫಾನ್ ಕೂತರು, ಖರ್ಜೂರ ತಿಂದರು, "ಸಾಹಿಮ್ ಕೇ ಲಿಯೇ ಸೈನ್ ಚಾಹಿಯೇ ಮೇಡಂ" ಅಂದರು.

ನಾನು, "ಸಹಮ್‌ಗೆ ಹೋಗುವವರು ಮೇಲಿನವರು, ನಾನ್ಯಾಕೆ ಸೈನ್ ಮಾಡಲಿ" ಎಂಬರ್ಥದ ಹಿಂದಿಯೊಂದನ್ನು ಜೋಡಿಸಿದೆ.

"ಲಾ, ಲಾ! ಸಹಮ್ ಕ್ಯೂಂ? ಸಾಹಿಮ್!" ಎಂದು ಅವರು ಬೆರಳನ್ನು ಈ ಸಲ ಆಕಾಶದ ಕಡೆ ಎತ್ತಿದರು. "ಶಮ್ಸ್ ಮೇಡಂ, ಶಮ್ಸ್! ಸೋಲಾರ್!" ಮನೆಯ ತಾರಸಿಯ ಮೇಲೆ ಸೌರಫಲಕ ಹಾಕಿಸಿಕೊಳ್ಳುವ ಸರ್ಕಾರಿ ಯೋಜನೆಯ ಹೆಸರು ಅದು. ಆ ಪದಕ್ಕೆ ಅರ್ಥ ಕೇಳಿದೆ. ಹಿಸ್ಸಾ ಕೊಡು, ಕೈಜೋಡಿಸು, ಹಾಗೇನೋ ಅಂದರು. ಬಾಯಿಗೆ ಹಾಕಿಕೊಳ್ಳಲು ಎತ್ತಿದ್ದ ಖರ್ಜೂರವನ್ನು ನಾನು ತಟ್ಟೆಯಲ್ಲಿ ವಾಪಸ್ ಇಟ್ಟೆ.

ಅವರು ಹೋದ ಮೇಲೆ ಸೋಫಾದಲ್ಲಿ ಕೂತು, ನಗು ಬರುತ್ತಿದೆಯೋ ಅಳು ಬರುತ್ತಿದೆಯೋ ತಿಳಿಯದೆ, ಅಭ್ಯಾಸಬಲದಿಂದ ಒಂದು ದ್ವಿಪದಿ ಕಟ್ಟಿದೆ:

ಸಹಮ್ ಎಂದರೆ ಊರು, ಸಾಹಿಮ್ ಎಂದರೆ ಸೂರು;
ಕಿವಿಯ ತಪ್ಪಿಗೆ ಬಾಯಿ ತೆತ್ತ ದಂಡ ನೂರು.

ತಪ್ಪು ನನ್ನದು, ಕ್ಯಾರೋಲಿನ್. ಪೂರ್ತಿ ನನ್ನದು. ಕಿಟಕಿ ಅಳೆದ ಆ ಹೆಂಗಸಿಗೆ ಟೇಪು ಕೊಟ್ಟು ಕಳಿಸಿದಷ್ಟೇ ನನ್ನದು. ಕ್ಷಮಿಸು. ಇದಕ್ಕೆ ಪ್ರಾಸ ಸೇರಿಸುವುದಿಲ್ಲ.

ಇನ್ನು ವರದಿಯ ಮುಖ್ಯ ಭಾಗ. ಖಲ್ಫಾನ್ ಹೇಳಿದ ಷರತ್ತು ನಿನಗೂ ಗೊತ್ತು. ಫಲಕಗಳ ಅರ್ಧ ಖರ್ಚು ಅವರದು, ಉಳಿದರ್ಧ ನಾವು ಎರಡು ಮನೆಯವರು ಹಂಚಿಕೊಳ್ಳಬೇಕು. ಕರೆಂಟಿನಲ್ಲಿ ಉಳಿಯುವುದೆಲ್ಲ ನಮ್ಮದು. ಬಾಡಿಗೆ ಏರಿಸುವುದಿಲ್ಲ. ಬದಲಿಗೆ ಎರಡೂ ಮಹಡಿಯವರು ಐದು ವರ್ಷದ ಕರಾರಿಗೆ ಸಹಿ ಹಾಕಬೇಕು. "ಪಾಂಚ್ ಸಾಲ್. ದೋನೋ ಘರ್. ನಹೀ ತೋ ಖಲಾಸ್." ಈ ತಿಂಗಳ ಕೊನೆಯೊಳಗೆ ಉತ್ತರ ಬೇಕು. ಇಲ್ಲವಾದರೆ ಅದೇ ದುಡ್ಡನ್ನು ಅವರು ತೋಟದ ಪಂಪಿಗೆ ಹಾಕುತ್ತಾರೆ. ನೀನು ಇನ್ನೂ ಸಹಿ ಹಾಕಿಲ್ಲ. ಯಾಕೆಂದು ಅವರನ್ನು ಕೇಳಿದೆ. ಕೆಳಗಿನವರ ಜೊತೆ ಐದು ವರ್ಷ ಯಾರಿಗೆ ಬೇಕು ಅಂದೆಯಂತೆ. ಹಿಂದಿಯಲ್ಲಿ ಕೇಳಿದ್ದರಿಂದ ಸ್ವಲ್ಪ ಕಡಿಮೆ ನೋವಾಯಿತು.

ಸಮಿತಿಯು ಈ ಫಲಕಗಳ ವಿರುದ್ಧದ ವಾದಗಳನ್ನು ಮೊದಲು ಆಲಿಸಿತು. ವಾದ ಮಂಡಿಸಿದವರು ನನ್ನ ಯಜಮಾನರು. "ಲೇ ಚಿತ್ರಾ, ಬಾಡಿಗೆ ಮನೆಯ ತಲೆಗೆ ಬಂಗಾರದ ಕಿರೀಟ ಯಾಕೆ?" ಎಂದು ಶುರು ಮಾಡಿದರು. ಇಂಜಿನಿಯರ್ ಆದ್ದರಿಂದ ಅಲ್ಲಿಗೆ ನಿಲ್ಲಲಿಲ್ಲ. ಫಲಕಕ್ಕೆ ಬೆಳಕು ಬೇಕು, ಕಾವು ಬೇಡ. ನಮ್ಮ ಜೂನ್ ತಿಂಗಳ ಕಾವಿಗೆ ಅದೂ ನಮ್ಮ ಹಾಗೇ ಸುಸ್ತಾಗಿ ಕೆಲಸ ಕಡಿಮೆ ಮಾಡುತ್ತದೆ. ಸೂರ್ಯನ ಸಾಮಾನಿಗೆ ಸೂರ್ಯನೇ ಆಗಿಬರುವುದಿಲ್ಲ ಎಂಬುದು ಕೇಳಿ ನನಗೆ ಕೆಲವು ದಾಂಪತ್ಯಗಳು ನೆನಪಾದವು, ಹೆಸರು ಬೇಡ. ಎರಡನೆಯದು ಧೂಳು. ಇಲ್ಲಿಯ ಗಾಳಿ ವಾರದೊಳಗೆ ಕಾರಿನ ಗಾಜಿನ ಮೇಲೆ ಹೆಸರು ಬರೆಯುವಷ್ಟು ಧೂಳು ತಂದು ಸುರಿಯುತ್ತದೆ, ಫಲಕವನ್ನು ಬಿಟ್ಟೀತೇ? ಮೂರನೆಯದು, ಹೊರಗಿನಿಂದ ಬಂದವರಿಗೆ ಈ ದೇಶದಲ್ಲಿ ನಾಳೆಯೆಂಬುದು ವೀಸಾದ ಮೇಲಿನ ತಾರೀಕು. "ನಾವು ಹೊರಟ ಮೇಲೆ ಅದು ಯಾರಿಗೋ ಎಸಿ ಓಡಿಸುತ್ತೆ" ಅಂದರು.

ಈಗ ಸಮಿತಿಯ ಉತ್ತರ.

ಕಾವಿನ ಮಾತು ನಿಜ. ಆದರೆ ಕಾವು ಹೋದ ಮೇಲೆ ಚಳಿಗಾಲ ಬರುತ್ತದಲ್ಲ? ಆಗ ಎಸಿ ಬಂದ್, ಬಿಸಿಲು ಮಾತ್ರ ಚಾಲೂ. ನಾವು ಬಳಸದೆ ಉಳಿದ ಕರೆಂಟು ಕಂಪನಿಯ ತಂತಿಗೆ ಹೋಗುತ್ತದೆ, ನಮ್ಮ ಬಿಲ್ಲಿನಲ್ಲಿ ಅಷ್ಟು ಕಳೆಯುತ್ತಾರೆ. ಜೂನಿನ ಕೊರತೆಯನ್ನು ಜನವರಿ ತುಂಬುತ್ತದೆ. ಸವಕಳಿ ಕಳೆದು ನೋಡಿದರೂ ನಮ್ಮ ಪಾಲಿನ ದುಡ್ಡು ನಾಲ್ಕು ವರ್ಷ ತುಂಬುವ ಹೊತ್ತಿಗೆ ಹುಟ್ಟುತ್ತದೆ, ಐದನೆಯ ವರ್ಷ ಅಪ್ಪಟ ಲಾಭ. ಸವಕಳಿ! ಎಷ್ಟು ಚೆಂದದ ಪದ, ಕುರುಮ್‌ನ ಆಫೀಸಿನಲ್ಲಿ ಒಬ್ಬರಿಗೂ ಗೊತ್ತಿಲ್ಲ. ನನ್ನ ಲೆಕ್ಕವನ್ನು ಕಿಶೋರ್ ತಿದ್ದಲು ಕೂತರು. ಒಂದು ಕಾಫಿ ಆಯಿತು, ಎರಡಾಯಿತು, ಕೊನೆಗೆ ಪೆನ್ನಿನ ಕ್ಯಾಪ್ ಹಾಕಿದರು. ಇದನ್ನು ಅವರ ಒಪ್ಪಿಗೆಯೆಂದು ಸಮಿತಿ ಪರಿಗಣಿಸಿದೆ.

ಆದರೆ ಬಿಲ್ಲು ಇಳಿಯುವುದಕ್ಕಿಂತ ದೊಡ್ಡ ಲಾಭ ನಿನ್ನದು, ಅದು ಯಾವ ಕಂಪನಿಯ ಕರಪತ್ರದಲ್ಲೂ ಇಲ್ಲ. ನಿನ್ನ ಮಲಗುವ ಕೋಣೆಯ ಸೂರು ಬೇಸಿಗೆಯಲ್ಲಿ ದೋಸೆಯ ಕಾವಲಿ. ರಾತ್ರಿಯೆಲ್ಲ ಎಸಿ ಓಡಿದರೂ ಬೆಳಗ್ಗೆ ಮಂಚವನ್ನು ಕಿಟಕಿಯ ಕಡೆ ಸರಿಸುವ ಸದ್ದು ನನಗೆ ಕೇಳುತ್ತದೆ. ಫಲಕಗಳನ್ನು ಕಂಬದ ಮೇಲೆ ಎತ್ತರದಲ್ಲಿ ಕೂರಿಸಿದರೆ ಅವು ನಿನ್ನ ಸೂರಿಗೆ ಕೊಡೆ. ಅದೇ ನೆರಳು ಟ್ಯಾಂಕಿನ ಮೇಲೂ ಬೀಳುತ್ತದೆ. ಮೇ ತಿಂಗಳಿಂದ ನಮ್ಮ ತಣ್ಣೀರ ನಲ್ಲಿಯಲ್ಲಿ ಕೈಸುಡುವ ನೀರು ಬರುವುದು, ಆರಿಸಿಟ್ಟ ಗೀಸರಿನಿಂದ ತಣ್ಣೀರು ಹಿಡಿದು ಸ್ನಾನ ಮಾಡುವುದು, ಊರಿಂದ ಬಂದ ನೆಂಟರಿಗೆಲ್ಲ ಈ ಉಲ್ಟಾ ವಿಜ್ಞಾನವನ್ನು ವಿವರಿಸುವುದು, ಎಲ್ಲವೂ ತಪ್ಪುತ್ತದೆ. ಮಲ್ಲಿಗೆ ಕುಂಡಗಳಿಗೆ ಬೆಳಗಿನ ಬಿಸಿಲು ಸಿಗುವ ಹಾಗೆ ಪೂರ್ವದ ಅಂಚನ್ನು ಬಿಟ್ಟುಕೊಡಬೇಕೆಂದು ಖಲ್ಫಾನ್‌ಗೆ ಹೇಳಿ ಒಪ್ಪಿಸಿದ್ದೇನೆ. ಟೆರೇಸ್ ನನಗೆ ಬೇಕೆಂದು ಆಸೆಪಟ್ಟವಳು ಹೀಗೆ ಮಾಡುತ್ತಾಳೇನೆ?

ಉಳಿದದ್ದು ಧೂಳು. ತೊಳೆಯಲು ಆಳಿಗೆ ಕೊಟ್ಟರೆ ಉಳಿದದ್ದೆಲ್ಲ ಅವನ ಜೇಬಿಗೆ. ನಾವೇ ಮಾಡಬೇಕು, ಶುಕ್ರವಾರ ಬೆಳಗ್ಗೆ, ಸೂರ್ಯ ಏರುವ ಮುಂಚೆ. ಒಬ್ಬಳಿಂದ ಆಗುವ ಕೆಲಸವಲ್ಲ, ಏಣಿ ಹಿಡಿಯಬೇಕು, ನೀರು ಕೊಡಬೇಕು, ಬೈಯಬೇಕು. ಮೂಕಾಭಿನಯದಲ್ಲಂತೂ ಸಾಧ್ಯವೇ ಇಲ್ಲ.

ಧೂಳು ಕೂತರೆ ಫಲಕದ ಮೇಲೆ ಕಾಲುಪಾಲು ಕರೆಂಟು ಕಾಣೆ;
ಒಬ್ಬಳು ಸುರಿದರೆ ಸಾಲದು ನೀರು, ಒರೆಸಲು ಇನ್ನೊಬ್ಬಳು ಬೇಕು ಜಾಣೆ.

ಮಾತ್ರೆ ಸ್ವಲ್ಪ ಹೆಚ್ಚಾಯಿತು. ತಿದ್ದಲು ಸಮಯವಿಲ್ಲ.

ಕಿಶೋರರ ಮೂರನೆಯ ವಾದಕ್ಕೆ ಸಮಿತಿ ಇನ್ನೂ ಉತ್ತರಿಸಿಲ್ಲ ಎಂಬುದನ್ನು ಚುರುಕು ಬುದ್ಧಿಯ ಸಭಾಸದರು ಗಮನಿಸಿರಬಹುದು. ಹೊರಟ ಮೇಲೆ ಫಲಕ ಯಾರಿಗೆ ಎಂಬ ಪ್ರಶ್ನೆ. ಸಮಿತಿ ಇಲ್ಲಿ ಸ್ವಲ್ಪ ನೀರು ಕುಡಿಯಿತು.

ಸಾಹಿಮ್ ಎಂದದ್ದು ನನಗೇಕೆ ಸಹಮ್ ಎಂದು ಕೇಳಿಸಿತು, ಯೋಚಿಸಿದೆಯಾ? ಮಸ್ಕತ್, ಮದೀನಾ, ಮಹಮ್ಮದ್, ಏನು ಬೇಕಾದರೂ ಕೇಳಿಸಬಹುದಿತ್ತು. ಸಹಮ್ ಎಂಬ ಪದ ಜುಲೈನಿಂದ ನಮ್ಮ ಮನೆಯಲ್ಲಿ ಊಟಕ್ಕೆ ಕೂರುತ್ತಿದೆ, ಅದಕ್ಕೇ. ಕಿಶೋರರ ಕಂಪನಿ ಅವರನ್ನು ಸಹಮ್‌ನ ಕೆಲಸಕ್ಕೆ ಹೋಗುತ್ತೀರಾ ಎಂದು ಕೇಳಿದೆ. ಸಂಬಳ ಸ್ವಲ್ಪ ಜಾಸ್ತಿ, ಕಂಪನಿಯದೇ ಮನೆ, ಸುತ್ತ ತೋಟ, ಎದುರಿಗೆ ಕಡಲು. ಅವರಿಗೆ ಆಸೆ ಇದೆ. ಏಪ್ರಿಲ್‌ನಲ್ಲಿ ನಮ್ಮ ಅನುವಿನ ಹತ್ತನೆಯ ತರಗತಿ ಮುಗಿದ ಕೂಡಲೇ ಎಲ್ಲರೂ ಹೋಗೋಣ ಅಂತಾರೆ. ಉತ್ತರ ಕೊಡಬೇಕಾದ್ದು ಅವರೂ ಈ ತಿಂಗಳ ಕೊನೆಗೇ. ಅನುವನ್ನು ಕೇಳಿದರೆ ಅವಳು ತಟ್ಟೆಯಿಂದ ತಲೆಯೆತ್ತದೆ, "ಪಪ್ಪಾ, ಆಶ್ಲೆ ಈಸ್ ನಾಟ್ ಇನ್ ಸಹಮ್. ಸೋ, ನೋ" ಅಂದಳು. ಅವಳ ವಯಸ್ಸಿನಲ್ಲಿ ಹಾಗೆ ಹೇಳಬಹುದು. ನಲವತ್ತೈದರಲ್ಲಿ ಹೆಂಗಸೊಬ್ಬಳು ಗಂಡನ ಎದುರು ಕೂತು, "ಕ್ಯಾರೋಲಿನ್ ಅಲ್ಲಿಲ್ಲ, ಆದ್ದರಿಂದ ಇಲ್ಲ" ಎಂದರೆ ಮನೆಯಲ್ಲಿ ಥರ್ಮಾಮೀಟರ್ ಹುಡುಕುತ್ತಾರೆ. ಹಾಗಾಗಿ ನಾನು, "ನೋಡೋಣ ರೀ" ಅನ್ನುತ್ತಾ ಬಂದೆ. ನಿನಗಂತೂ ಹೇಳಲೇ ಇಲ್ಲ. ಹೇಳಿದರೆ ನೀನು, "ಹೋಗು ಮಾರಾಯ್ತಿ, ಒಳ್ಳೆದುಂಟು" ಎಂದುಬಿಟ್ಟರೆ ಎಂಬ ಭಯ.

ಈ ಹಿನ್ನೆಲೆಯಲ್ಲಿ ಆ ಸಂಜೆಯ ನನ್ನ ಕಿವಿಯನ್ನು ಊಹಿಸಿಕೋ. ಹೋಗಲಾರೆ ಹೋಗಲಾರೆ ಎಂದು ನಾನು ಒಳಗೇ ಗುದ್ದಾಡುತ್ತಿರುವ ಊರಿಗೆ ನೀವೇ ನನಗೊಂದು ಮಾತೂ ಹೇಳದೆ, ಅರ್ಜಿ ಹಾಕಿ, ಖುಷಿಯಿಂದ ಹೊರಟಿದ್ದೀರಿ! ಯಾವ ತರ್ಕಕ್ಕೂ ನಿಲ್ಲದ ಸಿಟ್ಟು ಬಂತು. ತಮಾಷೆಯೆಂದರೆ ನೀವು ನಿಜವಾಗಿ ಸಹಮ್‌ಗೆ ಹೊರಟಿದ್ದರೆ ನಾನು ಕಿಶೋರ್‌ಗೆ ಹೂಂ ಅಂದು ಹಿಂದೆಯೇ ಬರಬಹುದಿತ್ತು. ಆ ಲೆಕ್ಕ ಹೊಳೆಯಲಿಲ್ಲ. ಸಿಟ್ಟಿನಲ್ಲಿ ಬಿ.ಕಾಂ. ಕೆಲಸ ಮಾಡುವುದಿಲ್ಲ.

ನಾನು ಅಂಜುವವಳಲ್ಲ ಎಂಬುದು ನಿನಗೆ ಗೊತ್ತು. ಲೈಸೆನ್ಸಿಗೆ ಮೂರು ಸಲ ಫೇಲಾಗಿ ನಾಲ್ಕನೆಯ ಸಲ ಆ ಪೊಲೀಸಪ್ಪನೇ "ಯಲ್ಲಾ, ಮಬ್ರೂಕ್" ಎಂದು ಅಭಿನಂದಿಸಿ ಕೈಮುಗಿಯುವ ಹಾಗೆ ಓಡಿಸಿದವಳು. ಈಗಲೂ ಯೋಚಿಸಿಯೇ ಬರೆಯುತ್ತಿದ್ದೇನೆ. ಸಹಮ್ ಎರಡು ಗಂಟೆಯ ದಾರಿ. ಕಿಶೋರ್ ಆ ಕೆಲಸ ಬೇಕೆಂದರೆ ಖಂಡಿತ ತೆಗೆದುಕೊಳ್ಳಲಿ. ವಾರವೆಲ್ಲ ಅಲ್ಲಿ ಕಡಲು ನೋಡಲಿ, ಗುರುವಾರ ಸಂಜೆ ಮನೆಗೆ ಬರಲಿ. ಇಲ್ಲಿನ ಅರ್ಧ ಜನರ ಸಂಸಾರ ವಿಮಾನದಲ್ಲಿ ನಡೆಯುತ್ತಿದೆ, ನಮ್ಮದು ಕಾರಿನಲ್ಲಿ ನಡೆದೀತು. ನಾನೂ ಅನುವೂ ಈ ಮನೆಯಲ್ಲೇ ಇರುತ್ತೇವೆ. ಆದರೆ ಇರಲು ಒಂದು ಕಾರಣ ಬೇಕು, ಗಂಡನಿಗೆ ಹೇಳಬಹುದಾದ, ಅತ್ತೆಗೆ ಫೋನಿನಲ್ಲಿ ವಿವರಿಸಬಹುದಾದ ಗಂಡುಕಾರಣ. "ಐದು ವರ್ಷದ ಕರಾರಿದೆ, ಸೋಲಾರಿಗೆ ದುಡ್ಡು ಹಾಕಿದ್ದೇವೆ, ಮಧ್ಯೆ ಬಿಟ್ಟರೆ ನಷ್ಟ." ಕೇಳಲು ಎಷ್ಟು ಘನವಾಗಿದೆ ನೋಡು. ಸುಶೀಲಮ್ಮನವರೂ ಎರಡು ಮಾತಾಡುವುದಿಲ್ಲ.

ಆದರೆ ಆ ಕಾರಣಕ್ಕೆ ನಿನ್ನ ಸಹಿ ಬೇಕು. ಎರಡು ಮನೆ, ಇಲ್ಲವಾದರೆ ಖಲಾಸ್. ನೀನು ಹಾಕದಿದ್ದರೆ ಕಾಗದ ಕಸದ ಬುಟ್ಟಿಗೆ ಹೋಗುತ್ತದೆ, ನಾನು ಏಪ್ರಿಲ್‌ನಲ್ಲಿ ಕಡಲು ನೋಡಲು ಹೋಗುತ್ತೇನೆ. ಬೆದರಿಕೆಯಲ್ಲ ಇದು, ಉಳಿದ ದಾರಿ ಅದೊಂದೇ. ಕೆಳಗೆ ಓಲಿವಿಯಾಳ ಅಣ್ಣ ಬರಬಹುದು. ಆ ಅತ್ತಿಗೆ ಮತ್ತೆ ಟೇಪು ತರುತ್ತಾಳೆ, ಎಚ್ಚರ.

ಕೊನೆಯದಾಗಿ ಶಿಫಾರಸು. ಬಿಸಿಲು, ಧೂಳು, ನೆರಳು, ಸವಕಳಿ, ಟ್ಯಾಂಕಿನ ನೀರು, ಮಲ್ಲಿಗೆ ಕುಂಡಗಳ ಹಿತಾಸಕ್ತಿ, ಇವೆಲ್ಲವನ್ನೂ ಯಾವ ಪಕ್ಷಪಾತವೂ ಇಲ್ಲದೆ ತೂಗಿ ನೋಡಿದ ಸಮಿತಿಯು ಈ ಕಟ್ಟಡದ ತಾರಸಿಗೆ ಸೌರಫಲಕ ಹಾಕಿಸುವುದು ಎಲ್ಲ ದೃಷ್ಟಿಯಿಂದಲೂ ಲಾಭಕರವೆಂದು ಸರ್ವಾನುಮತದಿಂದ ನಿರ್ಣಯಿಸಿದೆ. ಮೇಲಿನ ಮಹಡಿಯವರು ಇದನ್ನು ಸಾವಧಾನವಾಗಿ ಪರಿಶೀಲಿಸಿ ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ಕೋರಿಕೆ. ಆತುರವೇನಿಲ್ಲ.

ಸಭೆಗೆ ಕಿವಿಗೊಟ್ಟ ಪಾರಿವಾಳಗಳಿಗೆ ವಂದನೆ ಹೇಳಿ, ಕ್ಯಾಸ್ಮಿರ್‌ಗೆ ಆ ಶುಕ್ರವಾರದ ಮೀನಿಗಾಗಿ ಪ್ರತ್ಯೇಕ ಕ್ಷಮೆ ಕೋರಿ, ಆಶ್ಲೆಗೆ ನಾಲ್ಕು ಕೋಡುಬಳೆ ಹೆಚ್ಚು ಕೊಡಬೇಕೆಂದು ಸೂಚಿಸಿ,

ನಿನ್ನ ಕಾಲಡಿಯಲ್ಲೇ ಇರುವ, ತಲೆ ಮಾತ್ರ ಮೇಲೆತ್ತಿರುವ,
ಚಿತ್ರಾ

ಮರೆತ ಮಾತು: ಆತುರವಿಲ್ಲ ಎಂದದ್ದು ಸುಳ್ಳು. ಸಮಿತಿಯೂ ಸುಳ್ಳು, ಪಕ್ಷಪಾತ ಇಲ್ಲವೆಂದದ್ದು ಎಲ್ಲಕ್ಕಿಂತ ದೊಡ್ಡ ಸುಳ್ಳು. ಖಲ್ಫಾನ್ ಖರ್ಜೂರ ತಿಂದ ದಿನವೇ, ಅವರ ಎದುರಿಗೇ, ಐದು ವರ್ಷ ಎಂಬುದೊಂದನ್ನು ಮಾತ್ರ ಓದಿ ನಾನು ಸಹಿ ಹಾಕಿಬಿಟ್ಟೆ. ಲೆಕ್ಕ ಮಾಡಿದ್ದೆಲ್ಲ ಆಮೇಲೆ. ಅದು ಲಾಭ ಎಂದು ಬಂದದ್ದು ನನ್ನ ಅದೃಷ್ಟ. ನಷ್ಟ ಎಂದು ಬಂದಿದ್ದರೂ ಲಾಭ ಎಂದೇ ಬರೆಯುತ್ತಿದ್ದೆ. ಕಿಶೋರ್‌ಗೆ ಇನ್ನೂ ಹೇಳಿಲ್ಲ. ಇವತ್ತು ಸಂಜೆ ಹೇಳುತ್ತೇನೆ. ಒಬ್ಬಳೇ ಹೇಳಲು ಧೈರ್ಯ ಸಾಲುತ್ತಿಲ್ಲ ಕಣೆ, ಅವರು ಬರುವ ಮುಂಚೆ ಕೆಳಗೆ ಬಾ.